ಮೂರನೇ ಕೂಗಿಗೆ ಮುಂಚೆ

1954 ಜನವರಿ 18, ಸೋಮವಾರ. ಬೆಳಿಗ್ಗೆ 6-20

ಇವತ್ತೂ ಕಾಳ ಮೂರನೇ ಸಲ ಕೂಗಿದ ಮೇಲೇ ಎದ್ದದ್ದು. "ರೈಟ್ರೇ, ಎದ್ರಾ?" ಮೊದಲನೇ ಕೂಗು ಮೆಲ್ಲಗೆ. ಎರಡನೆಯದಕ್ಕೆ ಆಳುಗಳ ಲೈನ್‌ಮನೆಗಳ ನಾಯಿಗಳೆಲ್ಲ ಬೊಗಳುತ್ತವೆ. ಮೂರನೆಯದಕ್ಕೂ ಉತ್ತರ ಬರದಿದ್ದರೆ ಬಾಗಿಲು ಒಡೆಯುತ್ತೇನೆ ಅಂದಿದ್ದಾನೆ. ಒಡೆಯುವ ಪೈಕಿಯವನೇ. "ಎದ್ದೆ ಕಣೋ" ಅಂದೆ. ಎಲೆಅಡಿಕೆ ಉಗಿದು ಹೋದ.

ಇದು ವನಜ ಮಗಳನ್ನು ಕರೆದುಕೊಂಡು ತೌರಿಗೆ ಹೋಗುವಾಗ ಮಾಡಿಟ್ಟು ಹೋದ ಏರ್ಪಾಡು. ಹೆಂಡತಿ ನನ್ನನ್ನು ನಂಬಲಿಲ್ಲ, ಕೊಂಬೆ ಕಡಿಯಲು ಮರ ಹತ್ತುವ ಕಾಳನನ್ನು ನಂಬಿದಳು. ತಪ್ಪೇನಿಲ್ಲ.

ಮಸ್ಟರಿಗೆ ಹೊತ್ತಾಯಿತು. ಒಂಬತ್ತು ವರ್ಷದಿಂದ ಈ ಕಾಫಿ ಎಸ್ಟೇಟಿನ ರೈಟರು, ಅಂದರೆ ಗುಮಾಸ್ತ; ದಿನಾ ಮಸ್ಟರಿನಲ್ಲಿ ಅಷ್ಟೂ ಆಳುಗಳ ಹಾಜರಿ ಹಾಕುತ್ತಿದ್ದೇನೆ. ನನ್ನ ಹಾಜರಿಗೆ ಒಬ್ಬ ಆಳು ಬೇಕಾಗಿದೆ.

ಜನವರಿ 19, ಮಂಗಳವಾರ

ವಿರಾಜಪೇಟೆ ಡಾಕ್ಟರು ಹೇಳಿದ್ದನ್ನು ಒಂದು ಸಲ ಸರಿಯಾಗಿ ಬರೆದಿಡುತ್ತೇನೆ. ಆಮೇಲೆ ಮರೆತೆ ಅನ್ನುವ ನೆಪ ಬೇಡ.

ದಿನವನ್ನು ನಾಲ್ಕು ಪಾಲು ಮಾಡಬೇಕಂತೆ. ಆಫೀಸಿನ ಕೆಲಸ. ಬೆವರು ಬರುವ ಕೆಲಸ. ಜನರ ಜೊತೆ ಮಾತು. ಇನ್ನೊಂದು, ಬೆಳಕಿನಲ್ಲಿ ಸುಮ್ಮನೆ ಕೂತಿರುವುದು. ಒಂದು ಇನ್ನೊಂದನ್ನು ನುಂಗಬಾರದು. "ನೀವು ಕೆಲಸದಲ್ಲಿ ಮುಳುಗಿದ್ರೆ ವಾಸಿಯಾಗ್ತದೆ ಅಂದ್ಕೊಂಡಿದ್ದೀರಿ. ಆಗಲ್ಲ" ಅಂದರು. ದಿನಾ ನಾಲ್ಕು ಸಾಲು ಬರೆಯಲು ಹೇಳಿದವರೂ ಅವರೇ.

ಕಾಯಿಲೆಯ ಹೆಸರು ಕೇಳಿದೆ. ಡಿಪ್ರೆಶನ್ ಅಂದರು. ಕನ್ನಡದಲ್ಲಿ? ಸ್ವಲ್ಪ ಹೊತ್ತು ಕಿಟಕಿ ನೋಡಿ, "ಮಂಕು ಅಂತ ಇಟ್ಕೊಳ್ಳಿ" ಅಂದರು.

ಮ್ಯಾನೇಜರ್ ಕುಶಾಲಪ್ಪನವರಿಗೆ ಮಲೇರಿಯಾ ಅಂತ ಹೇಳಿದ್ದೇನೆ. ತಲೆ ಸರಿಯಿಲ್ಲದ ರೈಟರನ್ನು ಯಾವ ಎಸ್ಟೇಟಿನವರು ಇಟ್ಟುಕೊಳ್ಳುತ್ತಾರೆ? ಕೆಲಸ ಹೋದರೆ ಕ್ವಾರ್ಟರ್ಸ್ ಹೋಗುತ್ತದೆ. ಕ್ವಾರ್ಟರ್ಸ್ ಹೋದರೆ ವನಜ ಎಲ್ಲಿಗೆ ಬರಬೇಕು?

ಜನವರಿ 24, ಭಾನುವಾರ. ಮಧ್ಯಾಹ್ನ

ವನಜಳ ಕಾಗದ. ಕುಶಾಲನಗರದಿಂದ ಇಲ್ಲಿಗೆ ಐದು ದಿನ ತೆಗೆದುಕೊಂಡಿದೆ. ನಡೆದುಕೊಂಡು ಬಂದಿದ್ದರೂ ಮುಂಚೆ ಬರುತ್ತಿತ್ತು. ಮಗಳು ಪುಟ್ಟಿಗೆ ಎರಡು ಹಲ್ಲು ಬಿದ್ದಿದೆಯಂತೆ. "ಕಾಳ ದಿನಾ ಕೂಗ್ತಾನಾ? ನೀವು ಓ ಅಂತೀರಾ? ಅಪ್ಪ ವಾಪಸು ಹೋಗೋದು ಬೇಡ ಅಂತಲೇ ಕೂತಿದ್ದಾರೆ."

ಮಾವ ಜವರಯ್ಯನವರ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗುವುದಿಲ್ಲ. ಆಗಸ್ಟಿನಲ್ಲಿ ಮಸ್ಟರಿಗೆ ಅಂತ ಕೊಡೆ ಹಿಡಿದು ಹೊರಟವನು ಹೊಳೆಗೆ ಹೋದೆ. ದಡದಲ್ಲಿ ಚಪ್ಪಲಿ ಬಿಟ್ಟೆ. ಜೋಡಿಸಿ ಇಟ್ಟೆ. ಮಧ್ಯಾಹ್ನದವರೆಗೂ ಕೂತಿದ್ದೆ. ಕಾಳ ಹುಡುಕಿಕೊಂಡು ಬಂದ. ಚಪ್ಪಲಿ ಕೈಗೆತ್ತಿಕೊಂಡು ಮುಂದೆ ನಡೆದ. ಬರಿಗಾಲಲ್ಲಿ ಹಿಂದೆ ಬಂದೆ. ರಾತ್ರಿ ವನಜಳಿಗೆ ನಾನೇ ಹೇಳಿದೆ, ಮಾವನಿಗೆ ಗೊತ್ತಾದದ್ದು ಅವಳಿಂದ.

ವನಜಳಿಗೆ ಬರೆದೆ: ಓ ಅಂತೀನಿ.

ಜನವರಿ 27

ಎದ್ದೆ.

ಜನವರಿ 28

ಎದ್ದೆ. ಮಸ್ಟರ್ ಆಯಿತು. ಮತ್ತೇನೂ ಆಗಲಿಲ್ಲ.

ಫೆಬ್ರವರಿ 2, ಮಂಗಳವಾರ. ಬೆಳಿಗ್ಗೆ 11

ಕೆಲಸದ ಪಾಲು ಸಲೀಸು. ಬೆವರಿನ ಪಾಲಿಗೆ ಕಣದಲ್ಲಿ ಒಣಗಲು ಹಾಕಿದ ಕಾಫಿ ಹರಗುತ್ತೇನೆ. ಹೆಂಗಸರು ನಗುತ್ತಾರೆ, ನಗಲಿ. ಮಾತಿನ ಪಾಲಿಗೆ ಡಿಸ್ಪೆನ್ಸರಿಯ ಕಾಮಾಕ್ಷಮ್ಮನ ಹತ್ತಿರ ಹೋಗಿ ಕೂರುತ್ತೇನೆ. ಎಸ್ಟೇಟಿನಲ್ಲಿ ವಿಷಯ ಗೊತ್ತಿರುವುದು ಆಕೆಗೆ, ಕಾಳನಿಗೆ ಮಾತ್ರ. ನಾನು ಮಾತಾಡುವ ಅಗತ್ಯವೇ ಬೀಳುವುದಿಲ್ಲ. ಆಕೆ ಔಷಧಿ ಬಾಟಲಿ ತೊಳೆಯುತ್ತಾ ಇಬ್ಬರ ಪಾಲಿನದನ್ನೂ ಮಾತಾಡುತ್ತಾರೆ.

ಸುಮ್ಮನೆ ಕೂರುವುದು ಮಾತ್ರ... ಎಲ್ಲಿ ಕೂರಲಿ? ಕ್ವಾರ್ಟರ್ಸ್ ಇರುವುದು ತೋಟದ ನಾಲ್ಕನೇ ಬ್ಲಾಕಿನ ನಡುವೆ. ಸುತ್ತ ಕಾಫಿ ಗಿಡ, ಅದರ ಮೇಲೆ ನೆರಳಿಗೆ ನೆಟ್ಟ ಹಾಲುವಾಣದ ಮರ, ಅದರ ಮೇಲೆ ಕಾಡುಮರ. ಹನ್ನೊಂದು ಗಂಟೆಗೂ ಜಗಲಿಯಲ್ಲಿ ಸಂಜೆ. ಬೆಳಕಿಗಾಗಿ ಕಣದವರೆಗೆ ಅರ್ಧ ಮೈಲಿ ನಡೆಯಬೇಕು. ಅರ್ಧ ಮೈಲಿ ನಡೆಯುವ ಮನಸ್ಸಿದ್ದರೆ ನನಗೆ ಡಾಕ್ಟರೇ ಬೇಕಾಗಿರಲಿಲ್ಲ.

ಈ ಮರಗಳು ನನ್ನ ತಲೆಯ ಮೇಲೇ ಕೂತಿವೆ ಅನ್ನಿಸುತ್ತದೆ.

ಫೆಬ್ರವರಿ 8, ಸೋಮವಾರ

ಕುಶಾಲಪ್ಪನವರು ಮಗಳ ಮದುವೆ ಓಡಾಟಕ್ಕೆ ಮೈಸೂರಿಗೆ ಹೋದರು. ಮೂರು ವಾರ ಬರುವುದಿಲ್ಲ. "ಎಲ್ಲಾ ನೀವೇ ನೋಡ್ಕೊಳ್ಳಿ ರೈಟರೇ" ಅಂದರು.

ನೋಡಿಕೊಳ್ಳುತ್ತೇನೆ.

ಫೆಬ್ರವರಿ 9, ಮಂಗಳವಾರ. ಸಂಜೆ 5

ಕ್ವಾರ್ಟರ್ಸ್ ಸುತ್ತಲಿನ ಎರಡು ಎಕರೆಗೆ ಮರಗಸಿ ಮಾಡಲು ಹೇಳಿದೆ. ನೆರಳಿನ ಕೊಂಬೆ ಕಡಿಯುವುದು ಮೇ ತಿಂಗಳ ಕೆಲಸ, ಮಳೆ ಹತ್ತಿರ ಬಂದಾಗ. ನನಗೆ ಗೊತ್ತಿಲ್ಲದ್ದೇನಲ್ಲ.

ಕಾಳ ಕತ್ತಿ ಭುಜದಿಂದ ಇಳಿಸಲೇ ಇಲ್ಲ. "ಈಗ್ಲಾ? ಇನ್ನೂ ಮೂರು ತಿಂಗ್ಳು ಬಿಸ್ಲು ಉಂಟಲ್ಲ ರೈಟ್ರೇ. ಗಿಡ ಸುಟ್ಟು ಹೋಗ್ತದೆ."

"ಸಾಹೇಬ್ರು ನನಗೆ ವಹಿಸಿ ಹೋಗಿದ್ದಾರೆ."

"ಸರಿ. ಪಡುವಣದ ಕೊಂಬೆ ಬಿಡ್ತೀನಿ. ಮಧ್ಯಾಹ್ನದ ಬಿಸ್ಲು ತಡೀತದೆ."

"ಎಲ್ಲಾ ತೆಗಿ."

"ಬೋಳು ಮಾಡ್ಬೇಕಾ?"

"ಹೇಳಿದಷ್ಟು ಮಾಡು."

ನನ್ನ ಮುಖವನ್ನೇ ನೋಡಿದ. ಆಮೇಲೆ ಮರ ಹತ್ತಿದ.

ಫೆಬ್ರವರಿ 11, ಗುರುವಾರ. ಬೆಳಿಗ್ಗೆ 9

ಬೆಳಕು! ಜಗಲಿಯ ತುಂಬ ಬೆಳಕು. ಗೋಡೆಯ ಮೇಲೆ ಪುಟ್ಟಿ ಇದ್ದಲಿನಲ್ಲಿ ಗೀಚಿದ ಕೋಳಿ ಇದೆ ಅನ್ನುವುದೇ ಮರೆತುಹೋಗಿತ್ತು. ಇವತ್ತು ಕಾಣಿಸಿತು. ಅದರ ಮುಂದೆ ನಿಂತು ಅತ್ತೆ. ಸುಖಕ್ಕೇ ಅತ್ತದ್ದು.

ಫೆಬ್ರವರಿ 16, ಮಂಗಳವಾರ

ಐದು ದಿನದಿಂದ ಕಾಳ ಕೂಗುವ ಮುಂಚೆಯೇ ಎದ್ದಿರುತ್ತೇನೆ. ನಾಲ್ಕಕ್ಕೇ ಎಚ್ಚರ. ಸ್ನಾನ, ಹಳೇ ಫೈಲು, ಕಣ, ಡಿಸ್ಪೆನ್ಸರಿ, ಮತ್ತೆ ಕಣ. ಹಿತ್ತಲಲ್ಲಿ ಹುರುಳಿಕಾಯಿ ಪಾತಿ ಮಾಡಿದೆ. ಲೈನಿನ ಹೆಂಗಸರಿಗೆ ಸಂಜೆ ಅಕ್ಷರ ಕಲಿಸುವುದು ಅಂತ ಶುರು ಮಾಡಿದೆ, ಇಬ್ಬರು ಬಂದರು. ಡಾಕ್ಟರು ಹೇಳಿದ್ದು ನಾಲ್ಕು ಪಾಲು, ನಾನು ಆರು ಮಾಡುತ್ತಿದ್ದೇನೆ! ವನಜಳಿಗೆ ಎಂಟು ಪುಟದ ಕಾಗದ: ವಾಸಿಯಾಯಿತು, ಬಾ, ಪುಟ್ಟಿಯನ್ನು ಇಲ್ಲಿಯ ಸ್ಕೂಲಿಗೇ ಹಾಕೋಣ.

ಕಾಮಾಕ್ಷಮ್ಮ ಮಾತ್ರ ಬಾಟಲಿ ಕೆಳಗಿಟ್ಟು, "ಏನ್ ರೈಟರೇ, ಕಾಲು ನೆಲಕ್ಕೇ ತಾಗ್ತಾ ಇಲ್ಲ? ಊಟ ಮಾಡಿದ್ರಾ?" ಅಂದರು.

ಮಾಡಿರಲಿಲ್ಲ. ಮಾಡಿದೆ ಅಂದೆ.

ಸುಮ್ಮನೆ ಕೂರುವ ಪಾಲು ಇನ್ನೂ ಬಾಕಿ. ಬೆಳಕು ಬಂತಲ್ಲ, ಕೂತರಾಯಿತು.

ಫೆಬ್ರವರಿ 26, ಶುಕ್ರವಾರ

ಹತ್ತು ದಿನ ಬರೆದಿಲ್ಲ.

ಜಗಲಿಯ ಪಕ್ಕದ ಸಾಲಿನಲ್ಲಿ ಎಲೆ ಜೋತುಬಿದ್ದಿದೆ. ಮೊದಲು ನೀರಿಲ್ಲದ್ದಕ್ಕೆ ಅಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ತುದಿ ಹಳದಿ, ಬಿಸಿಲು ಬಿದ್ದ ಕಡೆ ಕಂದು. ಮೊಗ್ಗು ಅರಳಿಸುವ ಹೂಮಳೆಯ ಸುಳಿವೇ ಇಲ್ಲ. ಮೊಗ್ಗು ಕೂತಲ್ಲೇ ಕರಕಲು. ಕೈಯಲ್ಲಿ ಹಿಡಿದರೆ ಎಲೆ ಪರಪರ ಅನ್ನುತ್ತದೆ.

ಹೀಗೆ ಬಿಸಿಲಿಗೆ ಬಿದ್ದ ಅರೇಬಿಕಾ ಕಾಫಿಗೆ ಕಾಂಡ ಕೊರೆಯುವ ಹುಳ ಬೀಳುತ್ತದೆ. ಗಿಡವೇ ಹೋಗುತ್ತದೆ. ಇವೆಲ್ಲ ನನಗಿಂತ ಹಳೆಯ ಗಿಡಗಳು.

ಬೆಳಿಗ್ಗೆ ಮೂರನೇ ಕೂಗಿನವರೆಗೂ ಏಳಲಾಗಲಿಲ್ಲ.

ಮಾರ್ಚ್ 2, ಮಂಗಳವಾರ. ಮಧ್ಯಾಹ್ನ 2

ಬರೆಯಬೇಕು. ಆದದ್ದು ಆದ ಹಾಗೆಯೇ ಬರೆಯಬೇಕು.

ಕುಶಾಲಪ್ಪನವರು ನಿನ್ನೆ ಬಂದರು. ಇವತ್ತು ಬೆಳಿಗ್ಗೆ ನಾಲ್ಕನೇ ಬ್ಲಾಕಿಗೆ ಬಂದು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಸತ್ತವರ ಮನೆ ಮುಂದೆ ನಿಂತ ಹಾಗೆ ನಿಂತಿದ್ದರು.

"ಯಾರು ಮಾಡ್ಸಿದ್ದು ಇದು?"

ಕಾಳ ಪಕ್ಕದಲ್ಲೇ ಇದ್ದ. ಆಳುಗಳೆಲ್ಲ ಇದ್ದರು. ಎಲ್ಲರಿಗೂ ಗೊತ್ತಿತ್ತು, ಕಾಳ ಹೇಳಿದ್ದಷ್ಟೇ ಮಾಡುವವನು. ಕಾಳ ನನ್ನ ಕಡೆ ನೋಡಿದ. ನನಗೆ ಕಂಡದ್ದು ವನಜ, ಟ್ರಂಕು, ಕ್ವಾರ್ಟರ್ಸಿನ ಬೀಗ.

"ನಾಲ್ಕೈದು ಕೊಂಬೆ ತೆಗಿ ಅಂದಿದ್ದೆ ಸಾರ್. ಇವನು ತಪ್ಪು ತಿಳ್ಕೊಂಡ."

ಕಾಳ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನಾನು ಬದುಕುತ್ತಿದ್ದೆ.

"ಮೂವತ್ತು ವರ್ಷ ಮರ ಹತ್ತಿದವನಿಗೆ ಇಷ್ಟೂ ಗೊತ್ತಿಲ್ವಾ?" ಕುಶಾಲಪ್ಪನವರು ಕೂಗಿದರು. "ಶನಿವಾರದೊಳಗೆ ಲೈನ್ ಖಾಲಿ ಮಾಡು. ಇನ್ನು ನನ್ನ ಒಂದು ಮರಕ್ಕೂ ನೀನು ಕೈ ಹಾಕ್ಬಾರ್ದು."

ಕಾಳ ಕತ್ತಿಯನ್ನು ನನ್ನ ಕಾಲ ಹತ್ತಿರ ಇಟ್ಟ. ಅದು ಎಸ್ಟೇಟಿನದು.

ನಾನು ನೀಚ.

ಮಾರ್ಚ್ 3, ಬುಧವಾರ. 6-10

ಬಂದ! ಬಂದೇ ಬಿಟ್ಟ. "ರೈಟ್ರೇ, ಎದ್ರಾ?" ಅದೇ ಧ್ವನಿ. ನಾನು ಓ ಅಂದ ಕೂಡಲೇ ಹೋದ. ಬಾಗಿಲು ತೆರೆಯುವಷ್ಟರಲ್ಲಿ ಯಾರೂ ಇಲ್ಲ.

ವನಜಳಿಗೆ ಕೊಟ್ಟ ಮಾತು. ನನಗೆ ಕೊಟ್ಟದ್ದಲ್ಲ.

ಮಾರ್ಚ್ 6, ಶನಿವಾರ. 6-15

ಬಾಗಿಲ ಹಿಂದೆಯೇ ನಿಂತಿದ್ದೆ. ಮೊದಲನೇ ಕೂಗಿಗೇ ತೆರೆದೆ. ಕಾಳ, ಅವನ ಹೆಂಡತಿ, ಮಗಳು. ತಲೆಯ ಮೇಲೆ ಗಂಟು. "ಮಾಕುಟ್ಟಕ್ಕೆ ಹೋಗ್ತಿದ್ದೀವಿ, ಕಾಡಲ್ಲಿ ಬಿದಿರು ಕಡಿಯೋ ಕೂಪಿಗೆ. ನಾಳೆಯಿಂದ ನೀವೇ ಎದ್ಕೊಳ್ಳಿ" ಅಂದ.

ಅವರು ಬೋಳು ಮರಗಳ ಮಧ್ಯೆ ನಡೆದು ಹೋದರು. ಬೆಳಕು ಜಾಸ್ತಿಯಾಗಿದೆಯಲ್ಲ, ಗೇಟಿನವರೆಗೂ ಕಾಣುತ್ತಿದ್ದರು.

ಮಾರ್ಚ್ 11

ಯಾರೂ ಕೂಗಲಿಲ್ಲ. ಎಂಟು ಗಂಟೆಗೆ ಮೇಸ್ತ್ರಿ ಬಂದು ಬಾಗಿಲು ಬಡಿದ. ಮಲೇರಿಯಾ ಅಂದೆ.

ಮಾರ್ಚ್ 13, ಶನಿವಾರ

ವನಜಳ ಕಾಗದ. ಇಪ್ಪತ್ತೆಂಟನೇ ತಾರೀಕು ಭಾನುವಾರ ಹನ್ನೊಂದು ಗಂಟೆ ಬಸ್ಸಿಗೆ ಸಿದ್ದಾಪುರದಲ್ಲಿ ಇಳಿಯುತ್ತಾಳಂತೆ. ಪುಟ್ಟಿಯೂ ಬರುತ್ತಾಳೆ. "ನಿಮ್ಮ ಎಂಟು ಪುಟ ಓದಿ ನಂಬಲಿಲ್ಲ. ಆದರೆ ಕಾಳ ಇದ್ದಾನಲ್ಲ ಅಂತ ಅಪ್ಪನ ಹತ್ತಿರ ಜಗಳ ಆಡಿ ಒಪ್ಪಿಸಿದೆ."

ಕಾಳ ಇದ್ದಾನಲ್ಲ.

ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡೆ. ಹೊಳೆಯ ದಾರಿ ಎಡಕ್ಕೆ, ಡಿಸ್ಪೆನ್ಸರಿ ಬಲಕ್ಕೆ. ಆ ಕವಲಿನಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ. ಬಲಕ್ಕೆ ತಿರುಗಿದೆ. ಕಾಮಾಕ್ಷಮ್ಮನಿಗೆ ಎಲ್ಲ ಹೇಳಿದೆ. ಮೊದಲ ಸಲ ಆಕೆ ಮಾತಾಡಲಿಲ್ಲ. ಬೆಂಚು ತೋರಿಸಿ, ಗಂಜಿ ಕೊಟ್ಟು, ಉಪ್ಪಿನಕಾಯಿ ಹಾಕಿ, ಉಣ್ಣುವವರೆಗೂ ಎದುರೇ ಕೂತರು. ಆಮೇಲೆ, "ಡಾಕ್ಟರು ಬೆಳಕಿಗೆ ಹೋಗು ಅಂದ್ರೆ ನೀವು ಬೆಳಕನ್ನೇ ಮನೆಗೆ ಎಳ್ಕೊಂಡು ಬಂದ್ರಿ. ಸಾಹೇಬ್ರ ಹತ್ರ ಹೋಗಿ. ಹೊಟ್ಟೆ ತುಂಬಿರೋವಾಗ್ಲೇ ಹೋಗಿ" ಅಂದರು.

ಇವತ್ತು ಆಗಲಿಲ್ಲ.

ಮಾರ್ಚ್ 15, ಸೋಮವಾರ. 10 ಗಂಟೆ

ಹೇಳಿದೆ.

ಕುಶಾಲಪ್ಪನವರು ಬಂಗಲೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಎಲ್ಲ ಹೇಳಿದೆ. ಮರಗಸಿ ನನ್ನದು, ಸುಳ್ಳು ನನ್ನದು, ಮಲೇರಿಯಾ ಸುಳ್ಳು, ಆಗಸ್ಟಿನಲ್ಲಿ ಹೊಳೆಗೆ ಹೋದದ್ದು ನಿಜ. ಡಾಕ್ಟರ ಚೀಟಿ ಮುಂದಿಟ್ಟೆ. ಅವರು ಚೀಟಿ ಎರಡು ಸಲ ಓದಿದರು.

"ಹೊಳೆಗೆ ಹೋದ ದಿನ... ಅವತ್ತೂ ಮಲೇರಿಯಾ ಅಂದ್ರಲ್ಲ?"

"ಹೌದು ಸಾರ್."

ಚೀಟಿ ಮಡಿಸಿ ವಾಪಸು ಕೊಟ್ಟರು. ಬಯ್ಯಲಿ ಅಂತ ಕಾದೆ. ಬಯ್ದರು, ಆಮೇಲೆ. ಕಾಯಿಲೆಗಲ್ಲ, ಗಿಡಕ್ಕೆ. ಅವರ ತಂದೆ ಇಲ್ಲಿ ಮ್ಯಾನೇಜರಾಗಿದ್ದಾಗ ನೆಟ್ಟ ಗಿಡವಂತೆ. "ಎಷ್ಟು ಗಿಡ ಉಳೀತದೆ ನೋಡಿ ನಿಮ್ಮ ಕೆಲಸದ ವಿಷಯ ಹೇಳ್ತೀನಿ. ಕಾಳನ್ನ ಕಳ್ಸಿದ್ದು ನೀವು. ನೀವೇ ಕರ್ಕೊಂಡು ಬನ್ನಿ."

ಹೊರಗೆ ಬಂದು ಬೇಲಿ ಹಿಡಿದು ನಿಂತೆ. ಹಗುರ ಅನ್ನಿಸಲಿಲ್ಲ. ಹಸಿವಾಯಿತು.

ಮಾರ್ಚ್ 21, ಭಾನುವಾರ. ಸಂಜೆ 6

ಮಾಕುಟ್ಟಕ್ಕೆ ಹೋಗಿ ಬಂದೆ. ವಿರಾಜಪೇಟೆಯಿಂದ ಬಸ್ಸು. ಬಸ್ಸಿನ ತುಂಬ ಕೊಡಗು ಮೈಸೂರಿಗೆ ಸೇರಬೇಕೋ ಬೇಡವೋ ಅಂತ ಜಗಳ. ನನ್ನನ್ನೂ ಕೇಳಿದರು. ಒಬ್ಬ ಮನುಷ್ಯ ವಾಪಸು ಬಂದರೆ ಸಾಕು ಅಂದೆ. ಅರ್ಥವಾಗದೆ ಬಿಟ್ಟರು.

ಚೆಕ್‌ಪೋಸ್ಟಿನಿಂದ ಮುಂದೆ ಕೂಪಿನಲ್ಲಿ ಕಾಳ ಬಿದಿರು ಸವರುತ್ತಿದ್ದ. ನೋಡಿದ. ಸವರುವುದು ನಿಲ್ಲಿಸಲಿಲ್ಲ.

"ನನ್ನದೇ ತಪ್ಪು ಅಂತ ಸಾಹೇಬ್ರಿಗೆ ಹೇಳಿದೆ ಕಾಳ. ವಾಪಸ್ ಬಾ."

"ಸಾಹೇಬ್ರಿಗೆ ಹೇಳಿದ್ರಿ. ಲೈನಿನವ್ರಿಗೆ ಹೇಳಿದ್ರಾ?" ಈಗ ಕತ್ತಿ ನಿಂತಿತು. "ನನ್ನ ಮಗ್ಳ ಮುಂದೆ, ಎಲ್ಲರ ಮುಂದೆ, ಮರಗಸಿ ಗೊತ್ತಿಲ್ಲದವ ಅಂತ ಮಾಡಿದ್ರಿ. ಹೊಳೇಲಿ ನಿಮ್ಮ ಚಪ್ಲಿ ಎತ್ಕೊಂಡು ಬಂದೆನಲ್ಲ, ಒಬ್ರಿಗೆ ಹೇಳಿದ್ದೀನಾ ನಾನು?"

ಇಲ್ಲ. ಒಬ್ಬರಿಗೂ ಹೇಳಿಲ್ಲ.

ವನಜ ಬರುತ್ತಾಳೆ, ನೀನಿಲ್ಲದಿದ್ದರೆ ನಿಲ್ಲುವುದಿಲ್ಲ ಅಂದೆ. "ಅದು ನಿಮ್ಮ ಮನೆ ವಿಷ್ಯ. ಹೋಗಿ ರೈಟ್ರೇ, ಬಸ್ ಹೋಗ್ತದೆ."

ಹತ್ತು ಹೆಜ್ಜೆ ಬಂದಿದ್ದೆ. ಹಿಂದಿನಿಂದ ಕೂಗಿದ: "ಕಡ್ದ ಕೊಂಬೆ ಅಲ್ಲೇ ಬಿದ್ದಿದ್ದಾವಾ? ಸೊಪ್ಪಿರೋದು ಆಯ್ದು ಗಿಡದ ಪಡುವಣ ಮಗ್ಗುಲಿಗೆ ನೆರಳಾಗೋ ಹಾಗೆ ಊರಿ. ಸೊಪ್ಪು ಸಾಲ್ದಿದ್ರೆ ಕಾಡಿಂದ ತನ್ನಿ. ಪೂರ್ತಿ ಮುಚ್ಬೇಡಿ ಮತ್ತೆ. ನಿಮ್ಗೆ ಅರ್ಧ ಅನ್ನೋದೇ ಬರಲ್ಲ."

ಮಾರ್ಚ್ 22, ಸೋಮವಾರ

ಬೆಳಿಗ್ಗೆ ಮಸ್ಟರಿನಲ್ಲಿ ಹೆಸರು ಕೂಗುವ ಮೊದಲು ಹೇಳಿದೆ. ಅರವತ್ತೆರಡು ಜನ. ಕಾಳನಿಗೆ ಬೋಳು ಮಾಡು ಅಂದವನು ನಾನು, ಬೇಡ ಅಂದವನು ಅವನು, ಸಾಹೇಬರ ಮುಂದೆ ಸುಳ್ಳು ಹೇಳಿದ್ದು ನಾನು. ಯಾಕೆ ಅಂತ ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು. ಮನಸ್ಸಿಗೆ ಕಾಯಿಲೆಯಾಗಿತ್ತು, ಕತ್ತಲೆ ತಡೆಯಲು ಆಗಲಿಲ್ಲ ಅಂದೆ.

ಯಾರೋ ನಕ್ಕರು. ಯಾರೋ ಶ್ ಅಂದರು. ಅದೇ ಹೆಂಗಸು, "ನನ್ನ ತಮ್ಮನಿಗೂ ಹಂಗೇ ಇತ್ತು" ಅಂದಳು. ಅಷ್ಟೇ ಅಂದು ಬುಟ್ಟಿ ಎತ್ತಿಕೊಂಡಳು.

ವನಜಳಿಗೂ ಕಾರ್ಡು ಹಾಕಿದೆ. ಕಾಳ ಇಲ್ಲ, ನಾನೇ ಕಳೆದುಕೊಂಡೆ, ಪೂರ್ತಿ ವಾಸಿಯಾಗಿಲ್ಲ, ಬರುವುದು ಬಿಡುವುದು ನಿನಗೆ ಬಿಟ್ಟದ್ದು. ಕಾರ್ಡು ಡಬ್ಬಿಗೆ ಬಿದ್ದ ಮೇಲೆ ವಾಪಸು ತೆಗೆಯಲು ಬರುತ್ತದೆಯೇ ಅಂತ ಕೈ ಹಾಕಿ ನೋಡಿದೆ. ಬರುವುದಿಲ್ಲ.

ಮಾರ್ಚ್ 24, ಬುಧವಾರ. ಮಧ್ಯಾಹ್ನ 3

ಮೂರು ದಿನದಿಂದ ಕೊಂಬೆ ಊರುತ್ತಿದ್ದೇನೆ. ಆಫೀಸು ಹನ್ನೆರಡಕ್ಕೆ ಮುಗಿಸುತ್ತೇನೆ. ಕೈಯಲ್ಲಿ ಬೊಕ್ಕೆ. ಕಾಮಾಕ್ಷಮ್ಮ ಬಟ್ಟೆ ಕಟ್ಟಿದರು, ದಿನಾ ಸಂಜೆ ಬಿಚ್ಚಿ ಮತ್ತೆ ಕಟ್ಟುವಾಗ ಅರ್ಧ ಗಂಟೆ ಮಾತು.

ಇವತ್ತು ನಾಲ್ಕನೇ ಸಾಲು ಮುಗಿಸಿ, ಊರಿದ ಕೊಂಬೆಯ ಪಕ್ಕ ಕೂತೆ. ಮೊಣಕಾಲ ಮೇಲೆ ಬಿಸಿಲು, ತಲೆಗೆ ನೆರಳು. ಒಂದು ಇರುವೆ ಸೊಪ್ಪಿನ ಚೂರು ಹೊತ್ತು ಪಾದ ಹತ್ತಿ ಇಳಿಯಿತು. ಅದನ್ನೇ ನೋಡಿದೆ. ಎದ್ದಾಗ ಬಿಸಿಲು ಮೊಣಕಾಲಿನಿಂದ ಪಾದಕ್ಕೆ ಇಳಿದಿತ್ತು. ಇಷ್ಟು ಹೊತ್ತು ಸುಮ್ಮನೆ ಕೂತಿದ್ದೆ ಅಂತ ಆಮೇಲೆ ಗೊತ್ತಾಯಿತು.

ಮಾರ್ಚ್ 26, ಶುಕ್ರವಾರ

ಮಂಕು ಇದೆ. ಬೆಳಿಗ್ಗೆ ಎದೆಯ ಮೇಲೆ ಬಂದು ಕೂರುತ್ತದೆ. ಆದರೂ ಮಸ್ಟರಿಗೆ ಹೋದೆ, ಎರಡು ಸಾಲು ಊರಿದೆ, ಮೂರನೆಯದಕ್ಕೆ ಕೈ ಹಾಕದೆ ಮನೆಗೆ ಬಂದೆ. ಸಾಕು ಅಂದುಕೊಂಡೆ. ಸಾಕು ಅನ್ನುವುದು ಅಭ್ಯಾಸವಿಲ್ಲ.

ಎರಡನೇ ಸಾಲಿನ ಒಂದು ಗಿಡದಲ್ಲಿ ಕಡಲೆಯಷ್ಟು ಚಿಗುರು. ಕುಶಾಲಪ್ಪನವರು ಬಗ್ಗಿ ನೋಡಿ ಮುಂದಿನ ಗಿಡಕ್ಕೆ ಹೋದರು. ವನಜಳಿಂದ ಉತ್ತರವಿಲ್ಲ.

ಮಾರ್ಚ್ 27, ಶನಿವಾರ

ಇವತ್ತೂ ಇಲ್ಲ. ಕಾಳನಿಂದಲೂ ಸುದ್ದಿಯಿಲ್ಲ. ನಾನು ಮಸ್ಟರಿನಲ್ಲಿ ಹೇಳಿದ್ದು ಮಾಕುಟ್ಟಕ್ಕೆ ಮುಟ್ಟಿದೆ ಅಂತ ಮೇಸ್ತ್ರಿ ಹೇಳಿದ. ಮುಟ್ಟಿ ಏನು ಬಂತು.

ನಾಳೆ ಹನ್ನೊಂದು ಗಂಟೆಗೆ ಬಸ್ ಸ್ಟ್ಯಾಂಡಿಗೆ ಹೋಗುತ್ತೇನೆ. ಯಾರೂ ಇಳಿಯದಿದ್ದರೆ ಡಿಸ್ಪೆನ್ಸರಿಗೆ ಹೋಗುವುದು. ಹೊಳೆ ಕಡೆ ಅಲ್ಲ. ಇದನ್ನು ಬರೆದು ಇಡುತ್ತೇನೆ, ಕಾಮಾಕ್ಷಮ್ಮನಿಗೂ ಹೇಳಿದ್ದೇನೆ.

ಮಾರ್ಚ್ 28, ಭಾನುವಾರ. ಬೆಳಿಗ್ಗೆ 5-50

ಎಚ್ಚರ ಇದೆ. ಏಳಲು ಆಗುತ್ತಿಲ್ಲ. ಹಾಸಿಗೆಯಲ್ಲೇ ಕೂತು ಬರೆಯುತ್ತಿದ್ದೇನೆ. ಮೈಯೆಲ್ಲ ಭಾರ. ಇವತ್ತೇ ಹೀಗಾಗಬೇಕಾ? ವನಜ ಇಳಿದರೆ ಈ ಮುಖ ನೋಡಬೇಕಾ ಅವಳು? ಇಳಿಯದಿದ್ದರೆ... ಬೇಡ, ನಿನ್ನೆ ಬರೆದದ್ದು ಬರೆದದ್ದೇ.

ಮುಖ ತೊಳೆಯಬೇಕು. ಮೊದಲು ಬಲಗಾಲು ಕೆಳಗಿಡಬೇಕು. ಆಮೇಲೆ ಎಡಗಾಲು. ಅಷ್ಟೇ ಕೆಲಸ.

ಹೊರಗೆ ಒಣಗಿದ ಎಲೆ ತುಳಿದ ಸದ್ದು. ಕೆಮ್ಮು. ಎಲೆಅಡಿಕೆ ಉಗಿದ ಸದ್ದು.

"ರೈಟ್ರೇ, ಎದ್ರಾ?"

ಮೊದಲನೇ ಕೂಗು. ಮೆಲ್ಲಗೆ. ಎರಡನೆಯದಕ್ಕೆ ಕಾಯುವುದಿಲ್ಲ, ಕಾಲು ಕೆಳಗಿಟ್ಟೆ, ಇದೋ ಓ ಅಂ...